ಮೂಗು ಒಪ್ಪಿದ ಡೀಸೆಲ್

ಹಾಲು ಉಕ್ಕಿ, ಸೀದು, ತಳ ಹಿಡಿದು, ಅದರ ವಾಸನೆ ಅಡುಗೆಮನೆ ದಾಟಿ ನಡುಮನೆಗೆ ಬಂದು, ಹಿಂದಿನ ಕೋಣೆಯಲ್ಲಿ ಮಲಗಿದ್ದ ಅತ್ತೆಯನ್ನು ಎಬ್ಬಿಸಿ ಕೆಮ್ಮಿಸುವವರೆಗೂ, ಒಲೆಯ ಪಕ್ಕದಲ್ಲೇ ನಿಂತಿದ್ದ ಸೊಸೆಗೆ ಏನೂ ತಿಳಿಯಲಿಲ್ಲ. ಅವಳು ಒಲೆಗೆ ಬೆನ್ನು ಹಾಕಿ, ಕಿಟಕಿಯ ಗಾಜನ್ನೇ ಕನ್ನಡಿ ಮಾಡಿಕೊಂಡು ಜಡೆ ಹೆಣೆಯುತ್ತಿದ್ದಳು. ಅತ್ತೆ ಬಂದು ಒಲೆ ಆರಿಸಿದರು. ಕರಿ ಹಿಡಿದ ಪಾತ್ರೆಯನ್ನೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿದರು.

"ಮೂಗು ಮುಖದ ಮೇಲಿದೆಯಾ, ಇಲ್ಲ ಕೆಲಸದ ಜಾಗದಲ್ಲೇ ಬಿಟ್ಟು ಬಂದ್ಯಾ?"

ಅವಳು ನಗಲು ಹೋದಳು. ನಗು ಅರ್ಧ ದಾರಿಯಲ್ಲೇ ಹಿಂದಿರುಗಿತು. ಅತ್ತೆ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ಹೋದ ಮೇಲೆ ಕಳ್ಳಿಯ ಹಾಗೆ ಮನೆಯೆಲ್ಲ ಮೂಸುತ್ತಾ ನಡೆದಳು. ಸೋಪು, ತಲೆನೋವಿನ ಮುಲಾಮು, ಬೂಟಿನ ಪಾಲಿಶ್, ದಿನವಿಡೀ ಬಸ್ಸು ಓಡಿಸಿ ಬಂದ ಗಂಡ ಕಳಚಿ ಎಸೆದಿದ್ದ ಅಂಗಿ. ಕಡೆಗೆ ಈರುಳ್ಳಿ ಕೊಯ್ದು ಮೂಗಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಗಾಜಿನ ಗೋಡೆಯ ಆಚೆ ಯಾರೋ ಜಗಳವಾಡುತ್ತಿರುವಂತಿತ್ತು: ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳಿಸದು.

ಅದಕ್ಕೆ ಸ್ವಲ್ಪ ಮೊದಲು ಜ್ವರ ನೆಗಡಿ ಬಂದು ಹೋಗಿತ್ತು. ಮೂಗು ಕಟ್ಟಿದ್ದು ಬಿಟ್ಟಿತ್ತು, ಉಸಿರಾಟ ಸರಾಗವಾಗಿತ್ತು. ವಾಸನೆ ಮಾತ್ರ ಹೋದ ದಾರಿಯಲ್ಲಿ ತಿರುಗಿ ಬಂದಿರಲಿಲ್ಲ. ಡಾಕ್ಟರು ಟಾರ್ಚು ಹಾಕಿ ನೋಡಿ, ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ, ಇನ್ನು ಕೆಲವರಿಗೆ ಎಂದು ಶುರುಮಾಡಿ, ವಾಕ್ಯ ಮುಗಿಸದೆ ಚೀಟಿ ಬರೆಯತೊಡಗಿದರು. ಬೇರೆ ಯಾರಿಗೇ ಆಗಿದ್ದರೂ ಊಟ ರುಚಿಸದ ಕಷ್ಟ, ಅಷ್ಟೇ. ಇವಳಿಗೆ ಹಾಗಲ್ಲ. ಕೆಲಸದ ಜಾಗದಲ್ಲಿ ಜನ ಇವಳನ್ನು ಕರೆಯುತ್ತಿದ್ದದ್ದೇ ಮೂಗಿನಕ್ಕ ಎಂದು.

ಕೆಲಸ ಅಣುವಿದ್ಯುತ್ ಸ್ಥಾವರದ ಪ್ರಯೋಗಾಲಯದಲ್ಲಿ. ಹಾಗೆಂದರೆ ಹೊರಗಿನವರು ಕಣ್ಣರಳಿಸುತ್ತಾರೆ. ಅವಳ ಪಾಲಿಗೆ ಬಂದದ್ದು ಮಾತ್ರ ಡೀಸೆಲ್ ಪರೀಕ್ಷೆ, ಲಾರಿ ಬಸ್ಸುಗಳು ಕುಡಿಯುವ ಅದೇ ಡೀಸೆಲ್. ಅಷ್ಟು ದೊಡ್ಡ ಸ್ಥಾವರ ಊರಿಗೆಲ್ಲ ಕರೆಂಟು ಕೊಟ್ಟರೂ, ಹೊರಗಿನ ಲೈನು ಕಡಿದ ದಿನ ಅದಕ್ಕೇ ಕರೆಂಟಿಗೆ ಗತಿಯಿರುವುದಿಲ್ಲ. ರಿಯಾಕ್ಟರು ತಾನಾಗಿ ನಿಲ್ಲುತ್ತದೆ, ನಿಜ. ಆದರೆ ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆ ಕುದಿಯುತ್ತಲೇ ಇರುವಂತೆ, ಅದರ ಒಡಲಿನ ಕಾವು ಇಳಿಯಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೂ ನೀರು ಹರಿಯುತ್ತಲೇ ಇರಬೇಕು. ನೀರಿಗೆ ಪಂಪು, ಪಂಪಿಗೆ ಕರೆಂಟು. ಆ ಹೊತ್ತಿಗೆಂದೇ ಎರಡು ಡೀಸೆಲ್ ಜನರೇಟರುಗಳಿದ್ದವು, ಒಂದೊಂದೂ ಸಣ್ಣ ಮನೆಯಷ್ಟು ದೊಡ್ಡದು. ವರ್ಷವಿಡೀ ಸುಮ್ಮನೆ ನಿಂತಿದ್ದು ಕರೆದ ಕ್ಷಣ ಏಳುವುದೇ ಅವುಗಳ ಕೆಲಸ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗದೆಂದು ಮೊದಲೇ ತೋಡಿಟ್ಟ ಬಾವಿಗಳು ಅವು. ನೀರು ಕೆಟ್ಟಿದೆಯೇ ಎಂದು ಆಗಾಗ ಇಣುಕಿ ನೋಡುವವಳು ಇವಳು.

ಡೀಸೆಲ್ಲೂ ಕೆಡುತ್ತದೆ. ಇಟ್ಟಲ್ಲೇ ಇಟ್ಟರೆ ನೀರು ಸೇರಿಕೊಂಡು ತಳದಲ್ಲಿ ಲೋಳೆ ಬೆಳೆಯುತ್ತದೆ, ಮುದಿಯಾದರೆ ಅಂಟಾಗುತ್ತದೆ. ತರುವ ಟ್ಯಾಂಕರ್ ಲಾರಿಯ ಹೊಟ್ಟೆಯಲ್ಲಿ ಹಿಂದಿನ ಸಲ ಏನಿತ್ತೋ ಅದೂ ಬೆರೆಯುತ್ತದೆ. ಒಮ್ಮೆ ಹೀಗೇ ಬಂದ ಲಾರಿಯ ಮಾದರಿಯನ್ನು ಇವಳು ಕಿಟಕಿಯ ಹತ್ತಿರ ಹಿಡಿದು ಮೂಸಿ, ಇದರಲ್ಲಿ ಸೀಮೆಎಣ್ಣೆ ಇದೆ, ವಾಪಸು ಕಳಿಸಿ ಎಂದಿದ್ದಳು. ಯಂತ್ರಕ್ಕೆ ಹಾಕಿ ನೋಡಿದರೆ ಮಾತು ಸುಳ್ಳಾಗಲಿಲ್ಲ. ಅಂದಿನಿಂದ ಹೆಸರು ಬಂತು. ಆ ಹೆಸರನ್ನು ಕ್ಯಾಂಟೀನಿನವರೆಗೂ ಹೊತ್ತು ತಿರುಗಿದವರು ಅವಳ ಸೋದರಮಾವ.

ಸೋದರಮಾವ ಜನರೇಟರು ಮನೆಯ ಮೇಸ್ತ್ರಿ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಇವಳನ್ನು ಓದಿಸಿದ್ದು, ಈ ಕೆಲಸಕ್ಕೆ ಅರ್ಜಿ ಹಾಕಿಸಿದ್ದು ಅವರೇ. ಎರಡು ಜನರೇಟರುಗಳನ್ನೂ ಅವರು ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಿದ್ದರು, ದೊಡ್ಡವಳು ಚಿಕ್ಕವಳು ಎಂದೇ ಕರೆಯುತ್ತಿದ್ದರು. ದೊಡ್ಡವಳಿಗೆ ಮುಂಗೋಪ, ಚಿಕ್ಕವಳಿಗೆ ಬೆಳಗಿನ ಹೊತ್ತು ಏಳಲು ಸೋಮಾರಿತನ ಎಂದು ದೂರುತ್ತಿದ್ದರು. ನನ್ನ ಸೊಸೆಯ ಮೂಗಿಗೆ ಸರ್ಕಾರ ಸೀಲು ಹಾಕಿಸಬೇಕು ಎಂಬುದು ಅವರ ಹಳೆಯ ತಮಾಷೆ. ಅಕ್ಕತಂಗಿಯರ ಹೆಣ್ಣುಮಕ್ಕಳೆಲ್ಲ ಅವರ ಬಾಯಲ್ಲಿ ಸೊಸೆಯರೇ.

ನಿಯಮ ಸರಳವಾಗಿತ್ತು. ಲಾರಿ ಬಂದಾಗ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಡಬೇಕು. ಪರೀಕ್ಷೆಯ ಕಾಗದ ಕೈಗೆ ಬಂದ ಮೇಲೆಯೇ ಎಣ್ಣೆ ಇಳಿಸಬೇಕು. ಮಾವ ಸೀಸೆಯನ್ನು ಕಿಟಕಿಯಲ್ಲಿ ಕೊಡುತ್ತಿದ್ದರು. ಅವಳು ಅದನ್ನು ಬೆಳಕಿಗೆ ಹಿಡಿದು ಸುಳಿ ಎಬ್ಬಿಸಿ ನೋಡಿ, ಮುಚ್ಚಳ ತೆಗೆದು ಮೂಸಿ, ತಲೆಯಾಡಿಸುತ್ತಿದ್ದಳು. ಮೊದಮೊದಲು ಆ ತಲೆಯಾಟಕ್ಕೆ ಪೈಪು ಜೋಡಿಸಿಕೊಳ್ಳುತ್ತಿದ್ದರು. ವಾಲ್ವು ತಿರುಗುತ್ತಿದ್ದದ್ದು ಕಾಗದ ಬಂದ ಮೇಲೆ. ದಿನ ಕಳೆದಂತೆ ನಡುವಿನ ಹೊತ್ತು ಹಳೆಯ ಮೆಟ್ಟಿಲಿನ ಹಾಗೆ ಸವೆಯುತ್ತಾ ಹೋಯಿತು. ಹೇಗೂ ಮೂಗು ಹೇಳಿದ್ದನ್ನೇ ಯಂತ್ರವೂ ಹೇಳುತ್ತಿತ್ತು. ವಾಲ್ವು ಮೊದಲೇ ತಿರುಗುತ್ತಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ಕಿಟಕಿಗೆ ಬೆನ್ನು ಹಾಕಿ ಕೂರುವುದು ಅವಳ ಅಭ್ಯಾಸವಾಗಿತ್ತು.

ವಾಸನೆ ಹೋದದ್ದನ್ನು ಅವಳು ಕೆಲಸದ ಜಾಗದಲ್ಲಿ ಯಾರಿಗೂ ಹೇಳಲಿಲ್ಲ. ನಾಳೆ ಬರಬಹುದು, ಬಂದ ಮೇಲೆ ಹೇಳಿದರಾಯಿತು ಎಂಬ ಹುಚ್ಚು ಲೆಕ್ಕ. ಕ್ಯಾಂಟೀನಿನಲ್ಲಿ ಯಾರಾದರೂ ಲೋಟ ಮುಂದಕ್ಕೆ ತಳ್ಳಿ, ಮೂಗಿನಕ್ಕ, ಇದು ಚಹಾನೋ ಕಾಫೀನೋ ಹೇಳಿ ನೋಡೋಣ ಎಂದರೆ ಅವಳು ಅವರಿಗಿಂತ ಜೋರಾಗಿ ನಗುತ್ತಿದ್ದಳು, ನಕ್ಕು ಎದ್ದುಹೋಗುತ್ತಿದ್ದಳು.

ಆ ದಿನ ಬೆಳಗಿನಿಂದಲೂ ಗಾಳಿಯಿತ್ತು. ಅಂಗಳದ ಕಬ್ಬಿಣದ ಶೀಟುಗಳು ತಟತಟ ಬಡಿದುಕೊಳ್ಳುತ್ತಿದ್ದವು. ದೊಡ್ಡವಳನ್ನು ರಿಪೇರಿಗೆಂದು ಪೂರ್ತಿ ಬಿಚ್ಚಿಹಾಕಿದ್ದರು. ಅವಳ ಕರುಳೆಲ್ಲ ಬಟ್ಟೆಯ ಮೇಲೆ ಸಾಲಾಗಿ ಹರಡಿತ್ತು. ಅವಳ ಎಣ್ಣೆಯ ಟ್ಯಾಂಕನ್ನೂ ತೊಳೆಯಲು ಖಾಲಿ ಮಾಡಿ, ಒಳ್ಳೆಯ ಎಣ್ಣೆಯನ್ನು ಸೋಸಿ ಪೀಪಾಯಿಗಳಲ್ಲಿ ತುಂಬಿ ಹಿಂದಿನ ಶೆಡ್ಡಿನಲ್ಲಿ ಇಟ್ಟಿದ್ದರು. ಉಳಿದವಳು ಚಿಕ್ಕವಳೊಬ್ಬಳೇ. ರಿಪೇರಿಗೆ ಮುಂಚೆ ಅವಳನ್ನು ಉದ್ದಕ್ಕೂ ಓಡಿಸಿ ಪರೀಕ್ಷೆ ಮಾಡಿದ್ದರಿಂದ ಅವಳ ದೊಡ್ಡ ಟ್ಯಾಂಕಿನ ಮಟ್ಟ ಇಳಿದಿತ್ತು. ಅದನ್ನು ತುಂಬಲು ಬರಬೇಕಾದ ಲಾರಿ ದಾರಿಯಲ್ಲಿ ಎಲ್ಲೋ ತಡವಾಗಿ, ಮಧ್ಯಾಹ್ನ ಗೇಟು ದಾಟಿ ಬರುವ ಹೊತ್ತಿಗೆ ಆಕಾಶದ ಒಂದು ಮಗ್ಗುಲು ಕಪ್ಪಾಗಿತ್ತು. ಮಿಂಚು ಹತ್ತಿರ ಬಂದರೆ ಎಣ್ಣೆ ಇಳಿಸುವಂತಿಲ್ಲ, ಟ್ಯಾಂಕು ಹತ್ತುವಂತಿಲ್ಲ. ಮಾವ ಹಾವು ತುಳಿದವರಂತೆ ಓಡಾಡುತ್ತಿದ್ದರು.

ಅವರು ಕಿಟಕಿಯಲ್ಲಿ ಸೀಸೆ ನೀಡಿದಾಗ ಹಿಂದೆ ಇಬ್ಬರು ಮೆಕ್ಯಾನಿಕ್ಕುಗಳು, ಲಾರಿ ಡ್ರೈವರು, ಕಾವಲಿನವನು ನಿಂತಿದ್ದರು. ಪೈಪು ಆಗಲೇ ಅವರ ಹೆಗಲ ಮೇಲಿತ್ತು. ಅವಳು ಸೀಸೆಯನ್ನು ಬೆಳಕಿಗೆ ಹಿಡಿದಳು. ತಿಳಿಯಾಗಿತ್ತು, ಹೊಳೆಯುತ್ತಿತ್ತು, ಸುಳಿಯಲ್ಲಿ ಒಂದು ಕಣವೂ ಇರಲಿಲ್ಲ. ಮುಚ್ಚಳ ತೆಗೆದು ಉಸಿರೆಳೆದಳು. ತಣ್ಣನೆಯ ಗಾಳಿ ಒಳಗೆ ಹೋಗಿ ಬಂತು, ಅಷ್ಟೇ. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡ ಮುಖಗಳೆಲ್ಲ ಅವಳ ಮೂಗನ್ನೇ ನೋಡುತ್ತಿದ್ದವು. ಇವರು ಪೈಪು ಜೋಡಿಸಿಕೊಳ್ಳಲಿ, ಕಾಗದ ಕೊಡುವುದು ನಾನೇ ತಾನೇ ಎಂದುಕೊಂಡಳು. ತಲೆ ತಾನಾಗಿ ಆಡಿತು.

ಒಳಗೆ ಬಂದು ಫ್ಲ್ಯಾಶ್ ಪಾಯಿಂಟ್ ಪರೀಕ್ಷೆಗೆ ಕೂತಳು. ಮುಚ್ಚಿದ ಸಣ್ಣ ಬಟ್ಟಲಲ್ಲಿ ಎಣ್ಣೆ ಹಾಕಿ, ಕಲಕುತ್ತಾ ನಿಧಾನವಾಗಿ ಕಾಯಿಸಿ, ಕಾವು ಏರಿದಂತೆಲ್ಲ ಮುಚ್ಚಳದ ಕಿಂಡಿಯಲ್ಲಿ ಒಂದು ಎಳ್ಳಿನಷ್ಟು ಜ್ವಾಲೆಯನ್ನು ಇಳಿಸಿ ನೋಡುವುದು. ಎಣ್ಣೆಯ ಆವಿ ಯಾವ ಕಾವಿಗೆ ಕಿಡಿ ಹಿಡಿಯುತ್ತದೋ ಅದು ಅದರ ಗುಣ. ಡೀಸೆಲ್ ಗಂಭೀರ ಮನುಷ್ಯನ ಹಾಗೆ, ಬೇಗ ಸಿಟ್ಟಾಗುವುದಿಲ್ಲ. ಅವಸರವಿಲ್ಲದ ಪರೀಕ್ಷೆ ಇದು; ಅವಸರ ಮಾಡಿದರೆ ಸುಳ್ಳು ಹೇಳುತ್ತದೆ. ಅವಳು ರೂಢಿಯಂತೆ, ಕಾವು ಇನ್ನೂ ಏರದಿರುವಾಗಲೇ ಒಂದು ಸಲ ಜ್ವಾಲೆ ಇಳಿಸಿದಳು. ಬಟ್ಟಲೊಳಗೆ ನೀಲಿ ಮಿಂಚು ಹಾರಿ ಪಟ್ ಎಂದಿತು.

ಬಟ್ಟಲು ತಣಿಸಿ, ಒರೆಸಿ, ಹೊಸ ಎಣ್ಣೆ ಹಾಕಿ ಮತ್ತೆ ಮೊದಲಿಂದ ಕೂತಳು. ಮತ್ತೆ ಪಟ್ ಎಂದಿತು, ಇರಬೇಕಾದ ಮಟ್ಟಕ್ಕಿಂತ ಎಷ್ಟೋ ಕೆಳಗೆ. ಸೀಮೆಎಣ್ಣೆಯೂ ಇಷ್ಟು ಅವಸರ ಮಾಡುವುದಿಲ್ಲ. ಇದು ಪೆಟ್ರೋಲು. ವಾಸನೆ ಇರುವ ಯಾರ ಮೂಗಿಗಾದರೂ ಮುಚ್ಚಳ ತೆಗೆದಾಗಲೇ ಬಡಿಯಬೇಕಾಗಿದ್ದ ಪೆಟ್ರೋಲು.

ಅವಳು ಕಿಟಕಿಗೆ ಮುಖ ಮಾಡಿದಳು. ಅಂಗಳದಲ್ಲಿ ಪೈಪು ಹೊಟ್ಟೆ ತುಂಬಿದ ಹೆಬ್ಬಾವಿನಂತೆ ಬಿಗಿದು ಅದುರುತ್ತಿತ್ತು.

ಅವಳು ಓಡಿ ಹೋಗಿ, ವಾಲ್ವು ಮುಚ್ಚಿ ಎಂದಾಗ ಮಾವ ಏಕೆಂದು ಕೇಳಲಿಲ್ಲ, ಮೊದಲು ಮುಚ್ಚಿದರು. ಅದು ಅವರ ದೊಡ್ಡತನ. ಅಷ್ಟರಲ್ಲಿ ಲಾರಿಯ ಮುಂದಿನ ಖಾನೆ ಖಾಲಿಯಾಗಿತ್ತು. ಆಮೇಲೆ ಅವಳನ್ನು ಟ್ಯಾಂಕಿನ ಮರೆಗೆ ಕರೆದು, ಏನು ಬಂತು ಎಂದು ಕೇಳಿದರು. ಅವಳು ಹೇಳಿದಳು. ಅವರು ಡ್ರೈವರನ್ನು ಕರೆದರು. ಡ್ರೈವರು ಈ ಲಾರಿಯನ್ನು ಬೆಳಿಗ್ಗೆಯಷ್ಟೇ ಇನ್ನೊಬ್ಬನಿಂದ ವಹಿಸಿಕೊಂಡಿದ್ದನಂತೆ. ಮುಂದಿನ ಖಾನೆಯಲ್ಲಿ ಮೊದಲು ಪೆಟ್ರೋಲು ಇದ್ದಿರಬಹುದು, ಪೂರ್ತಿ ಬಸಿದಿದ್ದಾರೆಂದೇ ತಿಳಿದಿದ್ದ. ಹಾಗಾದರೆ ಇಳಿಸುವಾಗ ನಿನಗೂ ವಾಸನೆ ಬರಲಿಲ್ಲವೇ ಎಂದು ಮಾವ ಗದರಿದಾಗ ಅವನು ತಲೆ ತುರಿಸಿಕೊಂಡ.

"ಬಂತು ಸಾರ್. ಪೆಟ್ರೋಲ್ ಥರಾನೇ ಇತ್ತು. ಆದ್ರೆ ಅಕ್ಕ ತಲೆಯಾಡಿಸಿದ್ರಲ್ಲ, ನಂದೇ ಮೂಗು ಸರಿಯಿಲ್ಲ ಅಂದ್ಕೊಂಡೆ."

ಇಬ್ಬರು ಮೆಕ್ಯಾನಿಕ್ಕುಗಳೂ ನೆಲ ನೋಡಿದರು. ಅವರಿಗೂ ಬಂದಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅವರೆಲ್ಲರ ಮೂಗೂ ಸರಿಯಿತ್ತು. ಇಲ್ಲದ ಒಂದು ಮೂಗನ್ನು ನಂಬಿ ಎಲ್ಲರೂ ತಮ್ಮ ತಮ್ಮದನ್ನು ಮುಚ್ಚಿಕೊಂಡಿದ್ದರು. ಮಾವ ಅವರನ್ನು ದೂರ ಕಳಿಸಿ ಅವಳ ಕಡೆ ತಿರುಗಿದರು.

"ನನಗೆ ವಾಸನೆ ಬರ್ತಿಲ್ಲ ಮಾವ."

"ಯಾವಾಗಿಂದ?"

"ಜ್ವರ ಬಂದು ಹೋದಾಗಿಂದ."

"ಮತ್ತೆ ತಲೆಯಾಡಿಸಿದ್ದು?"

"ಎಲ್ರೂ ನೋಡ್ತಿದ್ರಿ."

ಮಾವ ಬಹಳ ಹೊತ್ತು ಕೈ ಒರೆಸುವ ಬಟ್ಟೆಯಲ್ಲಿ ಆಗಲೇ ಒರೆಸಿದ್ದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ನಂತರ, ಟ್ಯಾಂಕಿನ ಪಕ್ಕದ ನಲ್ಲಿಯಿಂದ ಮಾದರಿ ಹಿಡಿದು ನೋಡು ಎಂದರು. ಅಷ್ಟು ಹಳೆಯ ಡೀಸೆಲ್ಲಿನಲ್ಲಿ ಇದು ಎಷ್ಟರ ಮಾತು, ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ ಎಂಬುದು ಅವರ ಲೆಕ್ಕ. ಅವಳು ಹಿಡಿದು ತಂದು ಮತ್ತೆ ಬಟ್ಟಲ ಮುಂದೆ ಕೂತಳು. ಮಾವ ಈ ಸಲ ಒಳಗೇ ಬಂದು ಹಿಂದೆ ನಿಂತರು. ಕಾವು ಏರಿತು, ಜ್ವಾಲೆ ಇಳಿಯಿತು, ಏನೂ ಆಗಲಿಲ್ಲ. ಇನ್ನಷ್ಟು ಏರಿತು, ಏನೂ ಆಗಲಿಲ್ಲ. ಕಿಡಿ ಹಿಡಿಯಬೇಕಾದ ಮಟ್ಟ ದಾಟಿದ ಮೇಲೆಯೇ ಹಿಡಿಯಿತು.

ಮಾವನ ಉಸಿರು ಅವಳ ನೆತ್ತಿಯ ಮೇಲೆ ಬಿತ್ತು.

ಅವಳ ಉಸಿರು ಬೀಳಲಿಲ್ಲ. ಪಕ್ಕದ ನಲ್ಲಿ ಟ್ಯಾಂಕಿನ ನಡುಮಟ್ಟದಲ್ಲಿದೆ. ತುಂಬುವ ಪೈಪು ಇಳಿಯುವುದು ತಳಕ್ಕೆ. ಚಿಕ್ಕವಳ ಪಕ್ಕದ ಪುಟ್ಟ ಟ್ಯಾಂಕಿಗೆ ಎಣ್ಣೆ ಎಳೆಯುವ ಪಂಪಿನ ಬಾಯಿಯೂ ತಳದಲ್ಲೇ. ಅಂದರೆ ಈಗ ಪಾಸಾದದ್ದು ಹಳೆಯ ಎಣ್ಣೆ. ಹೊಸದು ಎಷ್ಟು ಕಲೆತಿದೆ, ಎಷ್ಟು ಹಾಗೇ ಗುಂಪಾಗಿ ಪಂಪಿನ ಬಾಯಿಯ ಮುಂದೆ ಕೂತಿದೆ, ಹೇಳುವವರಿಲ್ಲ. ಮೇಲೆ ಹತ್ತಿ ತಳದ ಮಾದರಿ ತೆಗೆಯೋಣವೆಂದರೆ ಮಿಂಚು ಬಂದುಬಿಟ್ಟಿತ್ತು. ಪುಟ್ಟ ಟ್ಯಾಂಕಿನಲ್ಲಿ ಒಂದೆರಡು ಗಂಟೆಗೆ ಸಾಕಾಗುವಷ್ಟು ಹಳೆಯ ಒಳ್ಳೆಯ ಎಣ್ಣೆಯಿದೆ. ಆದರೆ ಚಿಕ್ಕವಳು ಎದ್ದು ಅದನ್ನು ಕುಡಿಯತೊಡಗಿದ ಕೂಡಲೇ ಪಂಪು ತಾನಾಗಿ ತಳದಿಂದ ಎಳೆದು ತುಂಬುತ್ತದೆ. ಬಿಸಿ ಯಂತ್ರದ ಕೋಣೆಗೆ ಪೆಟ್ರೋಲಿನ ಆವಿ.

"ಪಾಸಾಯ್ತಲ್ಲ ತಾಯಿ," ಎಂದರು ಮಾವ. ದನಿ ಅವರದಲ್ಲ ಎನ್ನುವಷ್ಟು ಮೆತ್ತಗಿತ್ತು. "ಗಾಳಿ ನಿಲ್ಲಲಿ. ನಾನೇ ಹತ್ತಿ ತಳದ್ದು ತೆಗೆದು ಕೊಡ್ತೀನಿ. ಅಲ್ಲೀವರೆಗೂ ಇದನ್ನ ಇಟ್ಕೊಂಡಿರು. ಹೇಳಿದ್ರೆ ವಾಲ್ವು ಯಾರು ತೆಗೆದ್ರು ಅಂತ ಬರುತ್ತೆ."

ಅವರು ಬೇಡಿದ್ದು ಅಷ್ಟೇ. ಬೆದರಿಸಲಿಲ್ಲ, ಓದಿಸಿದ್ದನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲಿನ ದೀಪ ಮಂಕಾಗಿ, ಒಮ್ಮೆ ತೂಕಡಿಸಿ, ಮತ್ತೆ ಎಚ್ಚರಾಯಿತು. ಹೊರಗಿನ ಲೈನಿಗೆ ಗಾಳಿ ತಾಕಿತ್ತು.

ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನಿಂದ ಪಾಳಿಯ ಮುಖ್ಯಸ್ಥೆ. ಲೈನು ಅಲುಗಾಡುತ್ತಿದೆ, ಚಿಕ್ಕವಳು ತಯಾರಿದ್ದಾಳೆಯೇ, ಎಣ್ಣೆ ಸರಿಯಾಗಿದೆಯೇ, ಕಾಗದ ಇನ್ನೂ ಏಕೆ ಬಂದಿಲ್ಲ ಎಂದು ಕೇಳಿದರು. ಅವಳು ಮೇಜಿನ ಮೇಲಿದ್ದ ಎರಡು ಸೀಸೆಗಳನ್ನು ನೋಡಿದಳು. ಒಂದರಷ್ಟೇ ತಿಳಿಯಾಗಿತ್ತು ಇನ್ನೊಂದು. ಮೂಗು ಹಿಡಿದರೆ ಬಾಯಿ ತಾನೇ ಬಿಡುತ್ತದೆ ಎನ್ನುತ್ತಾರೆ; ಅವಳದು ಬಿಡಲೇ ಇಲ್ಲ, ಆ ಕಡೆಯಿಂದ ಎರಡನೆಯ ಸಲ ಹಲೋ ಎನ್ನುವವರೆಗೂ.

"ಸರಿಯಾಗಿಲ್ಲ ಮೇಡಂ. ದೊಡ್ಡ ಟ್ಯಾಂಕಿಗೆ ಪೆಟ್ರೋಲ್ ಸೇರಿದೆ. ಪುಟ್ಟ ಟ್ಯಾಂಕಿನದು ಚೆನ್ನಾಗಿದೆ. ನಡುವಿನ ಪಂಪನ್ನ ಈಗಲೇ ನಿಲ್ಲಿಸ್ಬೇಕು. ಕಾಗದಕ್ಕೆ ಮುಂಚೆ ವಾಲ್ವು ತೆಗೆದಿದ್ರು. ನಾನು ತಲೆಯಾಡಿಸಿದ್ದಕ್ಕೆ ತೆಗೆದ್ರು. ನನಗೆ ವಾಸನೆ ಬರಲ್ಲ."

ಕೊನೆಯ ಮಾತು ಆ ಕಡೆಯವರಿಗೆ ಅರ್ಥವಾಯಿತೋ ಇಲ್ಲವೋ. ಅವರು ಬೈಯಲಿಲ್ಲ, ಪಂಪು ನಿಲ್ಲಿಸಿ ಎಂದಷ್ಟೇ ಹೇಳಿ ಫೋನಿಟ್ಟರು. ಅವಳು ತಿರುಗಿ ನೋಡಿದರೆ ಮಾವ ಅಲ್ಲಿರಲಿಲ್ಲ. ಕಿಟಕಿಯಾಚೆ, ಸದಾ ನೋಯುವ ಮೊಣಕಾಲನ್ನು ಎಳೆದುಹಾಕುತ್ತಾ ಜನರೇಟರು ಮನೆಯ ಕಡೆ ಓಡುತ್ತಿದ್ದರು. ಸಿಟ್ಟಿನಿಂದ ಹೊರಟರೋ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಅವರು ಹೋಗಿ ಪಂಪಿನ ಸ್ವಿಚ್ಚು ಕಿತ್ತು, ಅದರ ವಾಲ್ವನ್ನೂ ತಿರುಗಿಸಿ ಮುಚ್ಚಿ, ಚಕ್ರಕ್ಕೆ ತಮ್ಮದೇ ಬೀಗ ಜಡಿದರು.

ರಿಯಾಕ್ಟರನ್ನು ಮೆಲ್ಲಗೆ ಇಳಿಸುತ್ತೇವೆಂದು ಧ್ವನಿವರ್ಧಕದಲ್ಲಿ ಹೇಳುತ್ತಿರುವಾಗಲೇ ಲೈನು ಹೋಯಿತು.

ಕತ್ತಲೆಯೇನೂ ಆಗಲಿಲ್ಲ, ಇನ್ನೂ ಹಗಲಿತ್ತು. ಆದರೆ ಸ್ಥಾವರದ ಸದಾ ಇರುವ ಗುಂಯ್ ಎಂಬ ಸದ್ದು, ಇದೆಯೆಂದೇ ಯಾರಿಗೂ ನೆನಪಿಲ್ಲದ ಸದ್ದು, ಒಮ್ಮೆಲೇ ಇಲ್ಲವಾಯಿತು. ಏಳು, ಏಳೇ ಚಿಕ್ಕವಳೇ ಎಂದುಕೊಂಡಳು ಅವಳು. ಗೋಡೆಯಾಚೆ ಯಾರೋ ದೊಡ್ಡದಾಗಿ ಕೆಮ್ಮಿದಂತಾಯಿತು. ಇನ್ನೊಂದು ಕೆಮ್ಮು. ಆಮೇಲೆ ಚಿಕ್ಕವಳು ಸೋಮಾರಿತನ ಬಿಟ್ಟು ಎದ್ದಳು; ನೆಲ ಅದುರಿತು, ದೀಪ ಬಂತು.

ಈಗ ಉಳಿದದ್ದು ಪುಟ್ಟ ಟ್ಯಾಂಕು. ಅದರ ಗಾಜಿನ ನಳಿಕೆಯಲ್ಲಿ ಎಣ್ಣೆಯ ಗೆರೆ ಇಳಿಯುವುದನ್ನು ಕಣ್ಣಿಂದಲೇ ಕಾಣಬಹುದಿತ್ತು. ಲೈನು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲೋ ಕಂಬ ಬಿದ್ದಿದೆ ಎನ್ನುತ್ತಿದ್ದರು. ಗಾಳಿ ಜೊತೆಗೆ ಮಳೆಯೂ ಹಿಡಿದುಕೊಂಡಿತು. ಹಿಂದಿನ ಶೆಡ್ಡಿನ ಪೀಪಾಯಿಗಳನ್ನು ಮೊದಲು ನೆನಪಿಸಿಕೊಂಡವರು ಮಾವನೇ. ದೊಡ್ಡವಳ ಪಾಲಿನ ಎಣ್ಣೆಯನ್ನು ಕೈಪಂಪಿನಿಂದ ಚಿಕ್ಕವಳ ಪುಟ್ಟ ಟ್ಯಾಂಕಿಗೆ ಹಾಕಬಹುದು. ಮೆಕ್ಯಾನಿಕ್ಕುಗಳು ಮಳೆಯಲ್ಲೇ ಪೀಪಾಯಿಗಳನ್ನು ಉರುಳಿಸಿಕೊಂಡು ಬಂದು ಗೋಡೆಗುಂಟ ನಿಲ್ಲಿಸಿದರು.

ಆದರೆ ಅದೂ ಪರೀಕ್ಷೆಯಾಗಬೇಕಲ್ಲ. ಪೀಪಾಯಿಗಳು ಮೊದಲು ಎಲ್ಲಿದ್ದವು, ಅವುಗಳಲ್ಲಿ ಏನಿತ್ತು, ಮಳೆನೀರು ಇಳಿದಿದೆಯೇ. ಅವಳು ಒಂದೊಂದರ ತಳದಿಂದಲೂ ಉದ್ದನೆಯ ನಳಿಕೆಯಲ್ಲಿ ಮಾದರಿ ತೆಗೆದಳು. ಮೊದಲನೆಯದರಲ್ಲೇ ತಳಕ್ಕೆ ನೀರಿನ ಹನಿಗಳು ಕೂತಿದ್ದವು. ಅದನ್ನು ಪಕ್ಕಕ್ಕೆ ಉರುಳಿಸಲು ಹೇಳಿದಳು. ಎರಡನೆಯದು ತಿಳಿಯಾಗಿತ್ತು. ಅದರ ಸೀಸೆ ಹಿಡಿದು ಅವಳು ಪ್ರಯೋಗಾಲಯಕ್ಕೆ ನಡೆದಾಗ ಹಿರಿಯ ಮೆಕ್ಯಾನಿಕ್ಕು ಹಿಂದೆಯೇ ಕಿಟಕಿಗೆ ಬಂದು ನಿಂತ. ಮಳೆನೀರು ಅವನ ಹುಬ್ಬಿನಿಂದ ಇಳಿಯುತ್ತಿತ್ತು. ಕೈಪಂಪಿನ ಹಿಡಿಕೆ ಅವನ ಕೈಯಲ್ಲೇ ಇತ್ತು. ಅವನು ಅವಳ ಮುಖ ನೋಡಿದ, ಇಷ್ಟು ವರ್ಷ ನೋಡಿದ ಹಾಗೆ.

ಕಾವು ನಿಧಾನವಾಗಿ ಏರುತ್ತಿತ್ತು. ಅವಸರ ಮಾಡಿದರೆ ಸುಳ್ಳು ಹೇಳುತ್ತದೆ. ಗೋಡೆಯಾಚೆ ಚಿಕ್ಕವಳು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಬಟ್ಟಲ ಮುಂದೆ ಕೂತವಳಿಗೆ ಗೊತ್ತಿತ್ತು, ಇದು ಒಳ್ಳೆಯ ಎಣ್ಣೆ. ತಾನೇ ಪರೀಕ್ಷೆ ಮಾಡಿದ್ದು, ತನ್ನ ಕಣ್ಣೆದುರೇ ಸೋಸಿದ್ದು. ಗೊತ್ತಿತ್ತು ಎಂಬುದೇ ಭಯವಾಗಿತ್ತು. ಕುತ್ತಿಗೆಯ ನರಗಳು ಬಿಗಿದುಕೊಂಡವು. ಅವಳು ಗದ್ದವನ್ನು ಮೇಲಕ್ಕೆತ್ತಿ, ಕೊಡ ಹೊತ್ತವಳಂತೆ ತಲೆಯನ್ನು ಅಲ್ಲಾಡದಂತೆ ಹಿಡಿದುಕೊಂಡಳು. ಆಚೆಗೂ ಇಲ್ಲ, ಈಚೆಗೂ ಇಲ್ಲ. ಮೆಕ್ಯಾನಿಕ್ಕು ಕಾಲು ಬದಲಿಸಿದ. ಜ್ವಾಲೆ ಇಳಿಯಿತು, ಎದ್ದಿತು. ಇಳಿಯಿತು, ಎದ್ದಿತು.

"ಅಕ್ಕಾ," ಎಂದ ಅವನು ಕಡೆಗೆ. "ಗೆರೆ ತಳಕ್ಕೆ ಬರ್ತಿದೆ. ಒಂದ್ಸಲ ಹೂಂ ಅಂದ್ಬಿಡಿ ಸಾಕು."

ಅವಳು ಉತ್ತರ ಕೊಡುವ ಮೊದಲೇ ಅವನ ಹಿಂದಿನಿಂದ ಮಾವನ ದನಿ ಬಂತು.

"ಕಾಗದ ಬರ್ಲಿ."

ಕಿಡಿ ಹಿಡಿಯಬೇಕಾದ ಮಟ್ಟ ದಾಟಿ ಹಿಡಿಯಿತು. ಅವಳು ಬರೆದಳು, ಸಹಿ ಹಾಕಿದಳು, ಕಿಟಕಿಯಲ್ಲಿ ಕೊಟ್ಟಳು. ಕಾಗದಕ್ಕೆ ಮಳೆ ಹನಿ ಬಿದ್ದು ಸಹಿಯ ಬಾಲ ಕದಡಿತು. ಮಾವ ಅದನ್ನು ಎದೆಯ ಜೇಬಿಗಿಟ್ಟುಕೊಂಡು, ಎಳೆಯಿರಿ ಎಂದರು. ಆಮೇಲೆ ಮೂರನೆಯ ಪೀಪಾಯಿ, ನಾಲ್ಕನೆಯದು. ಪ್ರತಿ ಸಲವೂ ಅವಳು ತಲೆಯನ್ನು ಹಾಗೇ ಹಿಡಿದುಕೊಂಡಳು. ಪ್ರತಿ ಸಲವೂ ಯಾರೋ ಒಬ್ಬರು ಅವಳ ಮುಖ ನೋಡಿ, ನೋಡಿದ್ದು ನೆನಪಾಗಿ, ಕಣ್ಣು ಬೇರೆ ಕಡೆ ತಿರುಗಿಸಿದರು.

ಸಂಜೆಯ ಬೆಳಕು ಇನ್ನೂ ಉಳಿದಿರುವಾಗಲೇ ಲೈನು ಬಂತು. ಯಾರೂ ಕೂಗಲಿಲ್ಲ, ಕೈ ಕುಲುಕಲಿಲ್ಲ. ಮೇಲಿನ ಎಂಜಿನಿಯರು ಬಂದು ನೋಡಿ, ಅಷ್ಟು ಬೆರಕೆಗೆ ಜನರೇಟರೇನೂ ನಿಲ್ಲುತ್ತಿರಲಿಲ್ಲ, ಬಹುಶಃ ಓಡುತ್ತಿತ್ತು ಎಂದರು. ಬಹುಶಃ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು. ಆಮೇಲೆ ಪುಟ್ಟ ಟ್ಯಾಂಕಿನ ಪಂಪಿನ ವಾಲ್ವಿಗೆ ಜಡಿದಿದ್ದ ಬೀಗವನ್ನು ಎಳೆದು ನೋಡಿ, ಇದು ಇರಲಿ ಎಂದು ಹೋದರು. ನಾಳೆ ವಿಚಾರಣೆಗೆ ಅವಳೂ ಮೇಸ್ತ್ರಿಯೂ ಬರಬೇಕೆಂದು ಕಂಟ್ರೋಲ್ ರೂಮಿನಿಂದ ಹೇಳಿಕಳಿಸಿದರು. ಅಲ್ಲಿಯವರೆಗೂ ವಾಲ್ವಿನ ಚಕ್ರಕ್ಕೆ ಮಾವ ಕೈ ಹಾಕುವಂತಿರಲಿಲ್ಲ, ಅವಳು ಕಾಗದಕ್ಕೆ.

ಮಾವ ಗೋಡೆಗುಂಟ ಒಂದು ಖಾಲಿ ಪೀಪಾಯಿಯನ್ನು ಬೋರಲು ಹಾಕಿ 'ಉಸ್' ಎಂದು ಕೂತಿದ್ದರು. ಮೊಣಕಾಲು ಊದಿತ್ತು. ಅವಳು ಹೋಗಿ ಪಕ್ಕದಲ್ಲಿ ನಿಂತಳು.

"ನನ್ನ ಹೆಸರೂ ಹೇಳಿದ್ಯಲ್ಲ," ಎಂದರು ಮಾವ.

"ಹೆಸರು ಹೇಳ್ಲಿಲ್ಲ ಮಾವ. ವಾಲ್ವು ತೆಗೆದಿದ್ರು ಅಂದೆ."

"ಅದು ನನ್ನ ಹೆಸರೇ ಅಲ್ವಾ, ಇಲ್ಲಿ."

ಮಾವ ಕೈ ಒರೆಸುತ್ತಿದ್ದ ಬಟ್ಟೆಯನ್ನು ಅವಳ ಮುಂದೆ ಹಿಡಿದರು. ದಿನವಿಡೀ ಎಲ್ಲ ಎಣ್ಣೆಯನ್ನೂ ಕುಡಿದು ಅದು ತೊಗಲಿನಂತೆ ಆಗಿತ್ತು. ಇದು ಏನು ವಾಸನೆ, ಹೇಳು ಎಂದರು. ಅವಳು ಉಸಿರೆಳೆದಳು. ತಣ್ಣನೆಯ ಗಾಳಿ. ಇಲ್ಲ ಎಂದು ತಲೆ ಅಲ್ಲಾಡಿಸಲು ಹೋಗಿ, ತಡೆದು, ಬಾಯಿಬಿಟ್ಟೇ ಹೇಳಿದಳು: "ಗೊತ್ತಾಗಲ್ಲ ಮಾವ."

ಮಾವ ಬಟ್ಟೆಯನ್ನು ತಮ್ಮ ಮೂಗಿಗೆ ಹಿಡಿದು ಜೋರಾಗಿ ಎಳೆದರು. ಕೆಮ್ಮು ಬಂತು.

"ನನಗೂ ಇಲ್ಲ," ಎಂದರು. "ಈ ಜನರೇಟರು ಮನೆಯ ಹೊಗೆ ಕುಡಿದು ಕುಡಿದು ಯಾವತ್ತೋ ಹೋಯ್ತು. ನೀನು ಕೆಲಸಕ್ಕೆ ಸೇರೋಕೆ ಮುಂಚೇನೇ. ಇಷ್ಟು ದಿನ ನಿನ್ನದನ್ನೇ ಎರವಲು ತಗೊಂಡು ಓಡಾಡ್ತಿದ್ದೆ."

ಅವಳು ಅವರನ್ನೇ ನೋಡಿದಳು. ಅವರು ಬಟ್ಟೆಯನ್ನು ಮಡಿಸಿದರು, ಮಡಿಸಿದ್ದನ್ನು ಬಿಚ್ಚಿದರು. ಗೋಡೆಯಾಚೆ ಚಿಕ್ಕವಳನ್ನು ಆಗಷ್ಟೇ ನಿಲ್ಲಿಸಿದ್ದರು. ಬಿಸಿ ಲೋಹ ತಣಿಯುತ್ತಾ ಅಲ್ಲೊಮ್ಮೆ ಇಲ್ಲೊಮ್ಮೆ ಟಿಕ್ ಎನ್ನುತ್ತಿತ್ತು. ಪ್ರತಿ ಸದ್ದಿಗೂ ಇಬ್ಬರೂ ಒಟ್ಟಿಗೇ ಬೆಚ್ಚಿ ಆ ಕಡೆ ತಿರುಗುತ್ತಿದ್ದರು.